ಅವನಿಗೆ ಹೇಳು, ಬ್ಯಾರಿ

"ಎಡಗಾಲು ಮೊದಲು. ಎಲ್ಲರ ಹೆಜ್ಜೆಯೂ ಒಂದೇ ಲಯದಲ್ಲಿ ಬೀಳಲಿ," ಎಂದು ಕಪ್ಪು ಕೋಟಿನ ಮೇಲ್ವಿಚಾರಕ ಪಿಸುಗುಟ್ಟುವಷ್ಟರಲ್ಲಿ ಶವಪೆಟ್ಟಿಗೆ ಆರು ಹೆಗಲುಗಳ ಮೇಲೆ ಏರಿಯಾಗಿತ್ತು. ಹಿಂದಿನ ಸಾಲಿನಲ್ಲಿದ್ದ ಬ್ಯಾರಿ ಹಿಂಚ್‌ಲಿಫ್ ತಲೆ ತಗ್ಗಿಸಿ ಹೆಜ್ಜೆ ಹಾಕತೊಡಗಿದ. ಜೀವಮಾನವೆಲ್ಲ ಡ್ರಮ್ಸ್ ಬಾರಿಸಿದವನಿಗೆ ಲಯದ ಪಾಠ ಹೇಳುತ್ತಿದ್ದಾನಲ್ಲ ಇವನು ಎಂದು ಬೇರೆ ದಿನವಾಗಿದ್ದರೆ ನಗುತ್ತಿದ್ದ. ಇವತ್ತು ಸೊಂಟ ನೋಯುತ್ತಿತ್ತು. ಚರ್ಚಿನ ಕಡೆಗಿನ ಕಲ್ಲುಹಾಸಿನ ದಾರಿ ಕಡಿದಾಗಿತ್ತು. ಬೋಳುಗುಡ್ಡಗಳ ಮೇಲಿಂದ ಇಳಿದು ಬರುತ್ತಿದ್ದ ಮಾರ್ಚ್ ತಿಂಗಳ ಗಾಳಿ ಪೆಟ್ಟಿಗೆಯ ಮೇಲಿನ ಹಳದಿ ಹೂಗಳನ್ನು ಕಿತ್ತುಕೊಂಡು ಹೋಗಲು ನೋಡುತ್ತಿತ್ತು.

ಕಣ್ಣೆದುರಿಗೆ ಜೆರಾಲ್ಡ್ ಫೀಲ್ಡನ್‌ನ ಬೆನ್ನಿತ್ತು. ಆ ಬೆನ್ನನ್ನು ನೋಡುತ್ತಲೇ ಬ್ಯಾರಿಯ ಆಯಸ್ಸು ಕಳೆದಿತ್ತು. ವೇದಿಕೆಯ ಬಲಕ್ಕೆ ಗಿಟಾರು ಹಿಡಿದ ಜೆರಾಲ್ಡ್, ಎಡಕ್ಕೆ ಆರ್ಗನ್ ಮುಂದೆ ಕೂತ ಆರ್ನಲ್ಡ್ ಹೋಲ್ರಾಯ್ಡ್, ಇಬ್ಬರ ಹಿಂದೆ ನಡುವಿನಲ್ಲಿ ಬ್ಯಾರಿ. 'ವಿಂಟರ್ ಪಾರ್ಲಿಮೆಂಟ್' ಎಂಬ ವಾದ್ಯತಂಡ ಹುಟ್ಟಿದ ದಿನದಿಂದಲೂ ಅದೇ ಜಾಗ. ಹಾಡುಗಾರರು ಬಂದರು, ಹೋದರು. ಬೇಸ್ ಗಿಟಾರ್ ನುಡಿಸುವವರಂತೂ ಬಸ್ಸಿಗೆ ಹತ್ತಿ ಇಳಿದಂತೆ ಹತ್ತಿ ಇಳಿದರು. ಇವರು ಮೂವರು ಮಾತ್ರ ಅಲ್ಲಾಡಲಿಲ್ಲ. ಈಗ ಆ ಎಡಗಡೆಯವನು ಪೆಟ್ಟಿಗೆಯೊಳಗೆ ಮಲಗಿ ಇವರ ಹೆಗಲಿಗೆ ಬಂದಿದ್ದ.

ಏರಿನ ಅರ್ಧದಲ್ಲಿ ಜೆರಾಲ್ಡ್ ಏದುಸಿರು ಬಿಡುತ್ತ ಕತ್ತು ಹೊರಳಿಸಿದ.

"ಬ್ಯಾರಿ, ಅವನಿಗೆ ಹೇಳು, ಇಷ್ಟು ಭಾರ ಇರ್ತಾನೆ ಅಂತ ಗೊತ್ತಿದ್ರೆ ನಾನು ಬರ್ತಾನೇ ಇರ್ಲಿಲ್ಲ ಅಂತ."

ಪಕ್ಕದಲ್ಲಿ ಪೆಟ್ಟಿಗೆ ಹೊತ್ತಿದ್ದ ಆರ್ನಲ್ಡ್‌ನ ಅಳಿಯ ಬೆಚ್ಚಿ ನೋಡಿದ. ಬ್ಯಾರಿಗೆ ಗೊತ್ತಿತ್ತು, ಅದು ಅಪಹಾಸ್ಯವಲ್ಲ. ಜೆರಾಲ್ಡ್, ಆರ್ನಲ್ಡ್ ಇಬ್ಬರ ನಡುವೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮಾತು ನಡೆದದ್ದೇ ಹಾಗೆ, ಬ್ಯಾರಿಯ ಮೂಲಕ.

ಚರ್ಚು ತುಂಬಿಹೋಗಿತ್ತು. ಮುಂದಿನ ಬೆಂಚುಗಳಲ್ಲಿ ಊರಿನವರು: ಚರ್ಚಿನ ಗಾಯನದವರು, ತೋಟದ ಸಂಘದವರು, ಬಸ್ಸಿನ ಚಾಲಕನೊಬ್ಬ. ಹಿಂದಿನ ಬೆಂಚುಗಳಲ್ಲಿ ಎಲ್ಲೆಲ್ಲಿಂದಲೋ ಬಂದ ಅಭಿಮಾನಿಗಳು. ಅವರಲ್ಲೂ ಹೆಚ್ಚಿನವರಿಗೆ ಗಡ್ಡ ನೆರೆತಿತ್ತು. ಕೋಟಿನ ಗುಂಡಿಗಳ ನಡುವೆ ತಂಡದ ಹೆಸರಿದ್ದ ಮಾಸಿದ ಅಂಗಿ ಇಣುಕುತ್ತಿತ್ತು. ಇಟಲಿಯ ಜಿನೋವಾದಿಂದ ವಿಮಾನ ಹತ್ತಿ ಬಂದ ಗಂಡಹೆಂಡತಿ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಎರಡು ಗುಂಪುಗಳೂ ಒಬ್ಬರನ್ನೊಬ್ಬರು ಕದ್ದು ನೋಡುತ್ತಿದ್ದವು, ತಪ್ಪು ಮನೆಗೆ ಬಂದೆವೇನೋ ಎಂಬಂತೆ.

ಬ್ಯಾರಿ, ಜೆರಾಲ್ಡ್ ಕೂತ ಬೆಂಚಿನಲ್ಲೇ ಗಾಯನದ ಎಡ್ನಾ ಕೂತಿದ್ದಳು. ಎಂಬತ್ತು ದಾಟಿದ ಹೆಂಗಸು, ತಲೆಯ ಮೇಲೆ ಉಣ್ಣೆಯ ಟೋಪಿ.

"ಆರ್ನಲ್ಡ್ ಬಾಯಿ ಮುಚ್ಕೊಂಡಿರೋದನ್ನ ನಾನು ಇವತ್ತೇ ನೋಡ್ತಿರೋದು," ಎಂದಳು.

ಜೆರಾಲ್ಡ್ ತಿರುಗಿದ. "ಯಾರು? ಆರ್ನಲ್ಡಾ?"

"ಮತ್ತಿನ್ಯಾರು? ಬಸ್ಸಲ್ಲಿ ಅವನ ಪಕ್ಕ ಕೂತ್ರೆ ಮುಗೀತು. ಕೋಳಿ, ಎಲೆಕೋಸು, ಚರ್ಚಿನ ಮಾಡು ಸೋರೋದು, ಅವನ ಮಂಡಿ. ನಾನು ಇಳಿಯೋ ಜಾಗ ಎಷ್ಟೋ ಸಲ ದಾಟಿಹೋಗಿದೆ. ಇಳಿದ ಮೇಲೂ ಕಿಟಕಿ ಆಚೆಯಿಂದ ಮಾತಾಡ್ತಿದ್ದ ಮಾರಾಯ."

"ಆರ್ನಲ್ಡ್ ಹೋಲ್ರಾಯ್ಡ್?"

"ಏನಪ್ಪಾ ನೀನು, ಇಷ್ಟು ವರ್ಷ ಜೊತೇಲಿ ನುಡಿಸಿದೋನು ಅಂತಾರೆ, ನಿಂಗೆ ಗೊತ್ತಿಲ್ವಾ?"

ಜೆರಾಲ್ಡ್ ಮುಂದೆ ಇಟ್ಟಿದ್ದ ಪೆಟ್ಟಿಗೆಯನ್ನು, ಅದರೊಳಗೆ ಬೇರೆ ಯಾರನ್ನೋ ಇಟ್ಟಿದ್ದಾರೇನೋ ಎಂಬಂತೆ ದಿಟ್ಟಿಸಿದ.

* * *

ಲೀಡ್ಸ್ ದಾಟಿ ದಕ್ಷಿಣಕ್ಕೆ ಹೋಗುತ್ತಿದ್ದ ವ್ಯಾನಿನಲ್ಲಿ ಇಬ್ಬರ ಮುನಿಸು ಶುರುವಾಗಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕೆನ್ನೆಗೆ ಪಿನ್ನು ಚುಚ್ಚಿಕೊಂಡ ಹುಡುಗರು ಎರಡೇ ನಿಮಿಷದಲ್ಲಿ ಅರಚಿ ಹಾಡು ಮುಗಿಸುತ್ತಿದ್ದ ಕಾಲ. ಇವರದ್ದೋ, ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲನ್ನು ಪೂರ್ತಿ ನುಂಗುವ ರಚನೆಗಳು. ಅವುಗಳಲ್ಲಿ ದೊಡ್ಡದು 'ಮುಳುಗಿದ ಊರು'. ಗುಡ್ಡಗಳ ನಡುವೆ ಅಣೆಕಟ್ಟು ಕಟ್ಟಿದಾಗ ನೀರಿನಡಿಗೆ ಹೋದ ಒಂದು ಹಳ್ಳಿಯ ಕತೆ. ಆರ್ನಲ್ಡ್‌ನ ಅಜ್ಜಿ ಹುಟ್ಟಿದ ಹಳ್ಳಿ ಅದು. ನಡುಭಾಗದಲ್ಲಿ ಡ್ರಮ್ಸ್ ನಿಲ್ಲುತ್ತದೆ, ಹಾಡು ನಿಲ್ಲುತ್ತದೆ. ಆರ್ಗನ್ನೂ ಗಿಟಾರೂ ಮಾತ್ರ ಉಳಿದು, ನೀರು ಮನೆಗಳ ಹೊಸ್ತಿಲು ದಾಟಿ ಏರುವುದನ್ನು ಬಹಳ ಹೊತ್ತು ನುಡಿಸುತ್ತವೆ.

ವ್ಯಾನಿನ ರೇಡಿಯೊದಲ್ಲಿ 'ಮುಳುಗಿದ ಊರು' ಬಂತು. ಎಲ್ಲರೂ ಕೇಕೆ ಹಾಕಿದರು. ಹಾಡು ಶುರುವಾಯಿತು, ಶುರುವಾದಷ್ಟೇ ಬೇಗ ಮುಗಿಯಿತು. ನಡುಭಾಗ ಇರಲೇ ಇಲ್ಲ. ರೆಕಾರ್ಡ್ ಕಂಪನಿಯವರು ಚಿಕ್ಕದು ಮಾಡಿಕೊಡಿ ಎಂದು ಕೇಳಿದ್ದರು. ಜೆರಾಲ್ಡ್ ಸ್ಟುಡಿಯೊದಲ್ಲಿ ಕೂತು ಕತ್ತರಿಸಿಕೊಟ್ಟಿದ್ದ. ಯಾರಿಗೂ ಹೇಳಿರಲಿಲ್ಲ.

ಆರ್ನಲ್ಡ್ ಕಿಟಕಿಯಾಚೆ ನೋಡುತ್ತ ಹೇಳಿದ. "ಬ್ಯಾರಿ, ನಮ್ಮಜ್ಜಿ ಊರು ಎಲ್ಲಿ ಹೋಯ್ತು ಅಂತ ಅವನನ್ನ ಕೇಳು."

"ಬ್ಯಾರಿ," ಎಂದ ಜೆರಾಲ್ಡ್, "ಅಷ್ಟು ನಿಧಾನಕ್ಕೆ ಮುಳುಗೋ ಊರಿಗೆ ರೇಡಿಯೊದಲ್ಲಿ ಜಾಗ ಇಲ್ಲ ಅಂತ ಅವನಿಗೆ ಹೇಳು. ಈಗಿನ ಹುಡುಗ್ರು ನಮ್ಮನ್ನ ನೋಡಿ ನಗ್ತಿದಾರೆ ಅಂತಾನೂ ಹೇಳು."

"ನಗೋರು ನಗಲಿ ಅಂತ ಹೇಳು."

"ಹಾಗಾದ್ರೆ ಖಾಲಿ ಕುರ್ಚಿಗಳಿಗೆ ನುಡಿಸ್ಲಿ ಅಂತ ಹೇಳು."

ರಾತ್ರಿ ಊಟದ ಹೊತ್ತಿಗೆ ಸರಿಹೋಗುತ್ತದೆ ಎಂದುಕೊಂಡಿದ್ದ ಬ್ಯಾರಿ. ಸರಿಹೋಗಲಿಲ್ಲ. ಇಬ್ಬರೂ ಇನ್ನೊಬ್ಬನಿಂದ ಮೊದಲ ಮಾತು ಬರಲಿ ಎಂದು ಕಾದರು. ಕಾಯುವುದೇ ರೂಢಿಯಾಯಿತು. ಒಸಾಕಾದ ಹೋಟೆಲಿನ ಲಿಫ್ಟಿನಲ್ಲಿ ಮೂವರೇ ಇದ್ದಾಗ, "ಬ್ಯಾರಿ, ನನ್ನ ಕಾಲು ತುಳೀತಿದಾನೆ ಅಂತ ಹೇಳು." ಮಿಲಾನಿನಲ್ಲಿ ಒಂದೇ ಮೇಜಿನೆದುರು, "ಬ್ಯಾರಿ, ಅವನ ಸೂಪು ಆರ್ತಿದೆ ಅಂತ ಹೇಳು." ಜೆರಾಲ್ಡ್ ಇರುವ ಕಡೆ ಆರ್ನಲ್ಡ್ ಬ್ಯಾರಿಯೊಬ್ಬನನ್ನು ಬಿಟ್ಟು ಯಾರೊಂದಿಗೂ ಮಾತಾಡುವುದನ್ನೇ ಬಿಟ್ಟ. ಗುಟ್ಟಿನ ಮನುಷ್ಯ, ಮೌನಿ ಎಂದು ಪತ್ರಿಕೆಗಳು ಬರೆದವು. ಅಭಿಮಾನಿಗಳು ಅದನ್ನೇ ನಂಬಿ ಪೂಜಿಸಿದರು.

ಬೇರೆಯಾಗಲು ನೋಡಲಿಲ್ಲವೆಂದಲ್ಲ. ಒಂದು ಬೇಸಿಗೆಯಲ್ಲಿ ಜೆರಾಲ್ಡ್ ಚುರುಕು ಬೆರಳುಗಳ ಎಳೆಯನೊಬ್ಬನನ್ನು ಆರ್ಗನ್ನಿಗೆ ಕೂರಿಸಿಕೊಂಡು ಹೊಸ ತಂಡ ಕಟ್ಟಿದ. ಎಲೆ ಉದುರುವ ಮೊದಲೇ ಬ್ಯಾರಿಯ ಮನೆಬಾಗಿಲಿಗೆ ಬಂದು ನಿಂತ. "ಹುಡುಗ ಚೆನ್ನಾಗಿ ನುಡಿಸ್ತಾನೆ. ಆದ್ರೆ ನಾನು ಉಸಿರು ತಗೊಳ್ಳೋವಾಗ ಅವನು ತಗೊಳಲ್ಲ ಕಣೋ." ಅದೇ ವರ್ಷ ಆರ್ನಲ್ಡ್ ಕೂಡ ಇನ್ನೊಬ್ಬ ಗಿಟಾರಿನವನನ್ನು ಕರೆಸಿ, ವಾರ ತುಂಬುವುದರೊಳಗೆ ಕಳಿಸಿದ್ದ. ಕಾರಣ ಕೇಳಿದರೆ ಕಿವಿ ತೋರಿಸಿ ತಲೆ ಅಲ್ಲಾಡಿಸಿದ.

ಹೀಗೆ ಅವರು ನುಡಿಸುತ್ತಲೇ ಹೋದರು. ಹೊಳೆಯುವ ನಿಲುವಂಗಿಗಳು ಪೆಟ್ಟಿಗೆ ಸೇರಿದವು, ಭುಜದವರೆಗಿನ ಕೂದಲು ಉದುರಿತು. ಸಾವಿರಾರು ಜನ ಸೇರುವ ಮೈದಾನಗಳಿಂದ ಪುರಭವನಗಳಿಗೆ, ಅಲ್ಲಿಂದ ಪಬ್ಬುಗಳ ಹಿಂದಿನ ಕೋಣೆಗೆ ಇಳಿದರು. ಆಮೇಲೆ ಹೇಗೋ ಏನೋ, ಹಳೆಯ ಅಭಿಮಾನಿಗಳ ಮಕ್ಕಳು ತಟ್ಟೆಗಳನ್ನು ಅಟ್ಟದಿಂದ ಇಳಿಸಿದರು. ದೊಡ್ಡ ಸಭಾಂಗಣಗಳು ಮತ್ತೆ ತುಂಬಿದವು. ಜನ ಬಂದದ್ದು ಆ ನಡುಭಾಗಕ್ಕೆ. ಅದು ಶುರುವಾದರೆ ಕೆಮ್ಮುವವರೂ ಕೆಮ್ಮು ತಡೆಯುತ್ತಿದ್ದರು.

* * *

ಪಾದ್ರಿಣಿ ಮೊದಲ ಪ್ರಾರ್ಥನೆ ಮುಗಿಸಿ ಎಲ್ಲರೂ ಕೂತಾಗ ಜೆರಾಲ್ಡ್ ಬ್ಯಾರಿಯ ಕಿವಿಯ ಹತ್ತಿರ ಬಾಗಿದ.

"ನೀನು ಹೋಗಿದ್ಯಲ್ಲ, ಕೊನೇಲಿ. ಏನಾದ್ರೂ ಹೇಳಿದ್ನಾ?"

"ತುಂಬಾ ಹೇಳಿದ."

"ನನಗೆ?"

ಬ್ಯಾರಿ ಎದುರಿನ ಕಿಟಕಿಯ ಬಣ್ಣದ ಗಾಜು ನೋಡಿದ. "ಆಮೇಲೆ ಹೇಳ್ತೀನಿ. ಇದು ಮುಗೀಲಿ."

ಜೆರಾಲ್ಡ್ ಹಿಂದಕ್ಕೆ ಒರಗಿದ. ಆದರೆ ಅವನ ಎಡಗೈ ಬೆರಳುಗಳು ಮಂಡಿಯ ಮೇಲೆ ಒತ್ತಿ ಒತ್ತಿ ಆಡತೊಡಗಿದ್ದನ್ನು ಬ್ಯಾರಿ ಕಂಡ. ಹೆದರಿದಾಗೆಲ್ಲ ಅವನು ಹಾಗೆ ಮಾಡುತ್ತಿದ್ದ.

* * *

ಬ್ಯಾರಿ ನೋಡಲು ಹೋದ ದಿನ ಆರೈಕೆ ಮನೆಯ ಕೋಣೆಯಲ್ಲಿ ಆರ್ನಲ್ಡ್ ದಿಂಬಿಗೊರಗಿ ಕೂತಿದ್ದ. ಮೈ ಹಗ್ಗದಂತಾಗಿತ್ತು, ಬಾಯಿ ಮಾತ್ರ ಬಿಡುವಿಲ್ಲದೆ ನಡೆಯುತ್ತಿತ್ತು. ಹೆಂಡತಿ ಬೆರಿಲ್ ಪಕ್ಕದಲ್ಲಿ ಕೂತು ಹೆಣೆಯುತ್ತ, ಮಧ್ಯೆ ಮಧ್ಯೆ, "ಸ್ವಲ್ಪ ಉಸಿರು ಬಿಡಿ," ಎನ್ನುತ್ತಿದ್ದಳು.

"ಆ ಕಂದು ಕೋಳಿ ಇದೆಯಲ್ಲ ಬ್ಯಾರಿ, ಅದು ಬರೀ ಕಳ್ಳಿ. ಮೊಟ್ಟೆ ಇಟ್ಟು ಬೇಲಿ ಸಂದೀಲಿ ಬಚ್ಚಿಡುತ್ತೆ. ಬೆರಿಲ್‌ಗೆ ಎಷ್ಟು ಸಲ ಹೇಳಿದೀನಿ, ಅಲ್ಲಿ ನೋಡು ಅಂತ. ಕೋಸು ಈ ಸಲ ಹುಳ ಹಿಡೀತು. ಆ ಮೂರನೇ ನಂಬರ್ ಬಸ್ಸು ನಿಲ್ಲಿಸ್ತಾರಂತೆ, ಎಡ್ನಾ ಏನು ಮಾಡ್ತಾಳೋ, ಅವಳಿಗೆ ಕಾಲು ಬೇರೆ ಆಗಲ್ಲ."

ಹೊರಡುವ ಮೊದಲು ಬ್ಯಾರಿ ಧೈರ್ಯ ಮಾಡಿದ. "ಜೆರಾಲ್ಡ್‌ಗೆ ಏನಾದ್ರೂ ಹೇಳ್ಬೇಕಾ?"

ಮಾತು ಗಕ್ಕನೆ ನಿಂತಿತು. ಬೆರಿಲ್‌ಳ ಹೆಣಿಗೆಯೂ ನಿಂತಿತು. ಆರ್ನಲ್ಡ್ ಹೊದಿಕೆಯ ಮೇಲಿದ್ದ ತನ್ನ ಕೈಗಳನ್ನು ನೋಡಿದ.

"ನಡುಭಾಗದಲ್ಲಿ ಅವನು ಲಯಕ್ಕಿಂತ ಮುಂದೆ ಓಡ್ತಾನೆ," ಎಂದ. "ಮೊದಲಿಂದಾನೂ ಓಡ್ತಾನೆ. ಸ್ವಲ್ಪ ತಡೀಬೇಕು ಅಂತ ಹೇಳು."

"ಅಷ್ಟೇನಾ?"

"ಅಷ್ಟೇ. ಇನ್ನೇನಿದೆ?"

ಮನೆಗೆ ಹಿಂದಿರುಗುವಾಗ ಬ್ಯಾರಿಗೆ ಕಾರು ಓಡಿಸಲಾಗದಷ್ಟು ಸಿಟ್ಟು ಬಂತು. ದಾರಿ ಬದಿಯಲ್ಲಿ ನಿಲ್ಲಿಸಿ ಕೂತ. ಸಾಯುವವನು ಹೇಳುವ ಮಾತೇ ಇದು? ಆಮೇಲೆ ಅವನೇ ಒಂದು ಮಾತು ಕಟ್ಟಿದ: 'ಹಳೇದೆಲ್ಲ ಮರೆತೆ ಅಂತ ಜೆರಾಲ್ಡ್‌ಗೆ ಹೇಳು.' ಬಾಯಿಬಿಟ್ಟು ಹೇಳಿ ನೋಡಿದ, ಚೆನ್ನಾಗಿತ್ತು. ಇಷ್ಟು ವರ್ಷ ಇಬ್ಬರ ಬಿರುಸು ಮಾತುಗಳನ್ನು ಒಂದಕ್ಷರ ಬಿಡದೆ ಮುಟ್ಟಿಸಿದವನಿಗೆ ಕೊನೆಯ ಒಂದು ಸುಳ್ಳಿನ ಹಕ್ಕಿಲ್ಲವೇ? ಅಂದಿನಿಂದ ಎರಡೂ ಮಾತುಗಳು ಅವನ ನಾಲಿಗೆಯ ಮೇಲೆ ಕೂತಿದ್ದವು.

* * *

"ಆರ್ನಲ್ಡ್ ಅವರ ಬಗ್ಗೆ ಎರಡು ಮಾತಾಡಲು ಅವರ ಸಹವಾದಕರನ್ನು ಕೇಳಿಕೊಳ್ಳುತ್ತೇನೆ," ಎಂದಳು ಪಾದ್ರಿಣಿ.

ಬೆರಿಲ್ ಫೋನಿನಲ್ಲಿ ಜೆರಾಲ್ಡ್‌ನನ್ನು ಕೇಳಿದ್ದಳು: "ನಿನಗಿಂತ ಚೆನ್ನಾಗಿ ಅವರನ್ನ ಬಲ್ಲೋರು ಯಾರಿದಾರೆ?" ಇಲ್ಲ ಎನ್ನಲು ಅವನಿಗೆ ಬಾಯಿ ಬಂದಿರಲಿಲ್ಲ. ಈಗ ಎದ್ದು ಮುಂದೆ ಹೋಗಿ ನಿಂತ. ಊರಿನವರೂ ಅಭಿಮಾನಿಗಳೂ ಒಟ್ಟಿಗೆ ಮುಖವೆತ್ತಿದರು. ಜೆರಾಲ್ಡ್ ಬಾಯಿ ತೆರೆದ. ಮುಚ್ಚಿದ. ಎಡ್ನಾಳ ಕಡೆ ನೋಡಿದ, ಪೆಟ್ಟಿಗೆಯ ಕಡೆ ನೋಡಿದ. 

"ಅವನಿಗೆ ಕೋಳಿ ಇದ್ವು ಅಂತ ನನಗೆ ಗೊತ್ತಿರ್ಲಿಲ್ಲ," ಎಂದ.  ಕೊನೆಗೆ ತಿರುಗಿದ. "ಬ್ಯಾರಿ, ನೀನು ಇವರಿಗೆ ಹೇಳು."

ಯಾರೂ ನಗಲಿಲ್ಲ. ಬ್ಯಾರಿ ಎದ್ದ. ಬೆಂಚು ಹಿಡಿದುಕೊಂಡು ಅಲ್ಲಿಂದಲೇ ಮಾತಾಡಿದ. ಜನರೆದುರು ಅವನೆಂದೂ ಮಾತಾಡಿದವನಲ್ಲ. ಯಾರದ್ದೋ ಮಾತನ್ನು ಯಾರಿಗೋ ಮುಟ್ಟಿಸಿ ಗೊತ್ತಿತ್ತೇ ಹೊರತು ತನ್ನದೆಂದು ಹೇಳಿ ಗೊತ್ತಿರಲಿಲ್ಲ.

"ನಾನು ಇವರಿಬ್ಬರ ಹಿಂದೆ ಕೂತಿದ್ದೋನು," ಎಂದು ಶುರುಮಾಡಿದ. "ಸ್ಕಾರ್ಬರೊದಲ್ಲಿ ಒಂದ್ಸಲ ಏನಾಯ್ತು ಅಂದ್ರೆ..."

* * *

ಸ್ಕಾರ್ಬರೊದ ಆ ಸಭಾಂಗಣ ಸಮುದ್ರದ ಅಂಚಿನಲ್ಲೇ ಇತ್ತು. ಅಂದು ಬಿರುಗಾಳಿ. ಅಲೆಗಳು ಗೋಡೆಗೆ ಬಡಿದು ಕಿಟಕಿಯವರೆಗೂ ಹಾರುತ್ತಿದ್ದವು. ಇಬ್ಬರಿಗೂ ಮಾತು ಬಿಟ್ಟು ಕೆಲವು ವರ್ಷಗಳಾಗಿದ್ದವು. 'ಮುಳುಗಿದ ಊರು' ನಡುಭಾಗಕ್ಕೆ ಬಂದಿತ್ತು. ಬ್ಯಾರಿ ಕೋಲುಗಳನ್ನು ತೊಡೆಯ ಮೇಲಿಟ್ಟು ಕೂತಿದ್ದ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು.

ಆರ್ಗನ್ನು ನರಳುತ್ತ ತಗ್ಗಿ ಸತ್ತುಹೋಯಿತು. ಗಿಟಾರು ಸತ್ತಿತು. ಕತ್ತಲೆಯಲ್ಲಿ ಗಾಳಿ, ನೀರು, ಅಷ್ಟೇ. ಬಾಗಿಲ ಮೇಲಿನ ಒಂದು ಮಂಕು ದೀಪಕ್ಕೆ ಕಣ್ಣು ಹೊಂದಿಕೊಂಡಾಗ ಬ್ಯಾರಿ ಎಡಕ್ಕೆ ನೋಡಿದ. ಆರ್ನಲ್ಡ್‌ನ ಕೈ ನಿಂತಿರಲಿಲ್ಲ. ಸತ್ತ ಕೀಲಿಗಳ ಮೇಲೆ ನಿಧಾನವಾಗಿ ಚಲಿಸುತ್ತಿತ್ತು. ಬಲಕ್ಕೆ ನೋಡಿದ. ಜೆರಾಲ್ಡ್ ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದ. ತಂತಿಗಳ ಸದ್ದು ಅವನ ಮೊಣಕೈ ದಾಟಿಯೂ ಬರುತ್ತಿರಲಿಲ್ಲ. ಒಬ್ಬನಿಗೆ ಇನ್ನೊಬ್ಬ ಕೇಳಿಸುವುದು ಸಾಧ್ಯವಿರಲಿಲ್ಲ. ಒಬ್ಬನ ಕಡೆಗೆ ಇನ್ನೊಬ್ಬ ನೋಡುತ್ತಲೂ ಇರಲಿಲ್ಲ. ನೋಡುವುದನ್ನೇ ಬಿಟ್ಟಿದ್ದರಲ್ಲ.

ಜನ ಪಿಸುಗುಟ್ಟಿದರು. ಕೆಲವರು ಎದ್ದು ಬಾಗಿಲ ಕಡೆ ಹೊರಟರು. ಯಾರೋ ಶಿಳ್ಳೆ ಹಾಕಿದರು. ಇವರು ಮಾತ್ರ ನೀರಿನಡಿಯ ಮನೆಗಳಲ್ಲಿ ದಿನದ ಕೆಲಸ ಮಾಡುತ್ತಿರುವವರಂತೆ ಸದ್ದಿಲ್ಲದೆ ನುಡಿಸುತ್ತಲೇ ಇದ್ದರು. ಎಷ್ಟು ಹೊತ್ತೋ, ಬ್ಯಾರಿ ಎಣಿಸಲಿಲ್ಲ. ಎಣಿಸುವುದೇ ಅವನ ಕಸುಬು, ಅಂದು ಮರೆತ.

ದೀಪ ಬಂತು. ಆರ್ನಲ್ಡ್ ಬಲಗೈಯಿಂದ ಆರ್ಗನ್ನಿನ ಸ್ವಿಚ್ಚು ಒತ್ತಿ ಹಿಡಿದ, ಎಡಗೈ ಕೀಲಿ ಬಿಡಲಿಲ್ಲ. ಎಲ್ಲೋ ಆಳದಿಂದ ಒಂದು ಗುಡುಗು ಎದ್ದು, ಮೇಲೇರುತ್ತ ಏರುತ್ತ ಸ್ವರಕ್ಕೆ ಬಂದು ನಿಂತಿತು. ಅದೇ ಹೊತ್ತಿಗೆ ಗಿಟಾರಿಗೂ ಜೀವ ಬಂತು. ಇಬ್ಬರೂ ಒಂದೇ ಜಾಗದಲ್ಲಿದ್ದರು. ಕೊನೆಯ ಮನೆಯ ಹೊಗೆಗೂಡನ್ನು ನೀರು ಮುಚ್ಚುವ ಆ ತಿರುವಿನಲ್ಲಿ, ಒಂದು ಎಳೆಯಷ್ಟೂ ಆಚೀಚೆ ಇಲ್ಲದೆ. ಎದ್ದು ಹೊರಟಿದ್ದ ಜನ ನಿಂತಲ್ಲೇ ನಿಂತರು. ಬ್ಯಾರಿಯ ತೋಳಿನ ಕೂದಲು ನಿಮಿರಿತ್ತು. ತಾನು ಕೋಲೆತ್ತಬೇಕಾದ ಜಾಗ ಬಂದು ದಾಟಿಹೋಯಿತು. ಅವನ ಕೈ ಏಳಲಿಲ್ಲ.

ಆಮೇಲೆ ಒಳಕೋಣೆಯಲ್ಲಿ ಜೆರಾಲ್ಡ್ ಟವೆಲಿನಿಂದ ಮುಖ ಒರೆಸುತ್ತ ನಿಂತಿದ್ದ. ಆರ್ನಲ್ಡ್ ಒಳಗೆ ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಬ್ಯಾರಿ, ಅವನಿಗೆ ಹೇಳು..." ಎಂದ ಆರ್ನಲ್ಡ್.

ಜೆರಾಲ್ಡ್ ಟವೆಲು ಕೆಳಗಿಳಿಸಿ ಕಾದ.

"ಏನಿಲ್ಲ ಬಿಡು," ಎಂದು ಆರ್ನಲ್ಡ್ ಕೋಟು ಹಾಕಿಕೊಂಡ.

* * *

ಬ್ಯಾರಿ ಕತೆ ಮುಗಿಸಿ ಕೂತ. ಹಿಂದಿನ ಬೆಂಚಿನಲ್ಲಿ ಜಿನೋವಾದವನು ಬಿಕ್ಕುತ್ತಿದ್ದ. ತೋಟದ ಸಂಘದವನೊಬ್ಬ ಎದ್ದು ಹೋಗಿ ತನ್ನ ಕರವಸ್ತ್ರವನ್ನು ಅವನಿಗೆ ಕೊಟ್ಟು ಬಂದ.

"ಇಷ್ಟು ಮಾತಾಡೋ ಮನುಷ್ಯ," ಎಂದಳು ಎಡ್ನಾ ಮೆಲ್ಲಗೆ. "ಇದೊಂದನ್ನ ಯಾವತ್ತೂ ಹೇಳ್ಲಿಲ್ಲ ನೋಡು."

ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಗುಂಡಿ ತೋಡಿದ್ದರು. ಪೆಟ್ಟಿಗೆ ಇಳಿಯಿತು. ಬೆರಿಲ್ ಮೊದಲ ಹಿಡಿ ಮಣ್ಣು ಹಾಕಿದಳು, ಮಗಳು ಹಾಕಿದಳು, ಸಾಲಾಗಿ ಎಲ್ಲರೂ ಹಾಕಿ ಕೋಟಿನ ಕಾಲರೆತ್ತಿಕೊಂಡು ಚರ್ಚಿನ ಪಕ್ಕದ ಕೋಣೆಯ ಕಡೆ ಇಳಿದರು. ಅಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ಚು, ಹಣ್ಣಿನ ಕೇಕು, ಚೀಸು, ದೊಡ್ಡ ಹಂಡೆಯಲ್ಲಿ ಚಹಾ ಕಾದಿದ್ದವು. ಮಣ್ಣು ಮುಚ್ಚುವ ಇಬ್ಬರು ಆಳುಗಳು ಗುದ್ದಲಿ ಹಿಡಿದು ಗೋಡೆಯ ಬಳಿ ನಿಂತಿದ್ದರು. ಜೆರಾಲ್ಡ್ ಗುಂಡಿಯ ಪಕ್ಕದಿಂದ ಕದಲಲಿಲ್ಲ.

"ಈಗ ಹೇಳು," ಎಂದ.

ಬ್ಯಾರಿ ಅವನ ಮುಖ ನೋಡಿದ. ಎರಡು ಮಾತುಗಳೂ ನಾಲಿಗೆಯ ಮೇಲಿದ್ದವು. ಚೆನ್ನಾಗಿದ್ದ ಮಾತು ಹೊರಗೆ ಬರಲು ತುದಿಗಾಲಲ್ಲಿತ್ತು. ಆದರೆ ಸ್ಕಾರ್ಬರೊದ ಕತೆ ಹೇಳಿದ ಬಾಯಿಂದಲೇ ಅದನ್ನು ಹೇಳಲು ಅವನಿಂದಾಗಲಿಲ್ಲ.

"ನಡುಭಾಗದಲ್ಲಿ ನೀನು ಲಯಕ್ಕಿಂತ ಮುಂದೆ ಓಡ್ತೀಯಂತೆ. ಮೊದಲಿಂದಾನೂ ಓಡ್ತೀಯಂತೆ. ಸ್ವಲ್ಪ ತಡೀಬೇಕಂತೆ."

ಜೆರಾಲ್ಡ್ ರೆಪ್ಪೆ ಬಡಿಯದೆ ನಿಂತ. ಆಮೇಲೆ ಅವನ ಕತ್ತಿನಿಂದ ಕೆಂಪು ಏರತೊಡಗಿತು.

"ನಾನು ಓಡ್ತೀನಾ? ನಾನಾ? ಅವನು ಎಳೀತಾನೆ ಬ್ಯಾರಿ. ಒಂದು ಸ್ವರ ಹಿಡಿದ ಅಂದ್ರೆ ಬಿಡೋದೇ ಇಲ್ಲ, ಹಾಲು ಉಕ್ಕೋವರೆಗೂ ಕಾಯ್ತಾ ಕೂತ ಹಾಗೆ ಕೂತಿರ್ತಾನೆ. ನಾನು ಮುಂದೆ ಹೋಗದೇ ಇದ್ದಿದ್ರೆ ಆ ಊರು ಇನ್ನೂ ಮುಳುಗ್ತಿರ್ಲಿಲ್ಲ. ಅವನಿಗೆ ಹೇಳು..."

ಮಾತು ಅಲ್ಲಿಗೆ ತುಂಡಾಯಿತು. ಗಾಳಿ ಬೀಸಿತು. ಜೆರಾಲ್ಡ್ ಬ್ಯಾರಿಯನ್ನೇ ನೋಡುತ್ತಿದ್ದ, ಬಾಯಿ ಇನ್ನೂ ತೆರೆದೇ ಇತ್ತು.

"ನೀನೇ ಹೇಳು," ಎಂದ ಬ್ಯಾರಿ. "ಇನ್ನು ನನ್ನ ಕೈಲಾಗಲ್ಲ ಕಣೋ."

ಅವನು ಸೊಂಟ ಹಿಡಿದುಕೊಂಡು ಇಳಿಜಾರು ಇಳಿದ. ಕೆಳಗೆ ಗೇಟಿನ ಬಳಿ ಬೆರಿಲ್ ಶಾಲು ಹೊದ್ದು ಕಾಯುತ್ತಿದ್ದಳು.

"ಜೆರಾಲ್ಡ್ ಬರಲ್ವಾ? ಚಹಾ ಆರಿಹೋಗುತ್ತೆ."

"ಬರ್ತಾನೆ ಕಣಮ್ಮ. ಸ್ವಲ್ಪ ಹೊತ್ತಾಗ್ಬಹುದು."

ಇಬ್ಬರೂ ತಿರುಗಿ ನೋಡಿದರು. ಜೆರಾಲ್ಡ್ ಪಕ್ಕದ ಸಮಾಧಿಯ ಅಂಚಿನಲ್ಲಿ ಕೂತಿದ್ದ. ಮಾತು ಇಲ್ಲಿಗೆ ಕೇಳಿಸುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಅದು ಗುಂಡಿಯ ಕಡೆ ಬೆರಳು ಮಾಡಿತು, ತನ್ನ ಎದೆ ಮುಟ್ಟಿತು, ಗಾಳಿಯಲ್ಲಿ ಏನನ್ನೋ ಅಳೆದು ತೋರಿಸಿತು. ಗೋಡೆಯ ಬಳಿಯ ಆಳೊಬ್ಬ, ಮುಚ್ಚಬಹುದೇ ಎಂದು ಬ್ಯಾರಿಗೆ ಸನ್ನೆ ಮಾಡಿ ಕೇಳಿದ. ಬ್ಯಾರಿ ಅಂಗೈ ತೋರಿಸಿ ತಡೆದ. ಆಳು ಗುದ್ದಲಿಯನ್ನು ಗೋಡೆಗೆ ಒರಗಿಸಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿದ.

ಮೇಲೆ ಜೆರಾಲ್ಡ್ ಮಾತು ನಿಲ್ಲಿಸಿದ್ದ. ತಲೆಯನ್ನು ಒಂದು ಕಡೆಗೆ ವಾಲಿಸಿ, ಕಿವಿಯನ್ನು ನೆಲದ ಕಡೆ ಬಾಗಿಸಿ, ಬಹಳ ಹೊತ್ತು ಹಾಗೇ ಕೂತಿದ್ದ. ಆಮೇಲೆ ಇಲ್ಲ ಇಲ್ಲ ಎಂಬಂತೆ ಜೋರಾಗಿ ಕೈಯಾಡಿಸಿ ಮತ್ತೆ ಶುರುಮಾಡಿದ.